ಮೆರಿಟ್ಟಿನ ತಕ್ಕಡಿ ಯಾರ ಕೈಲಿತ್ತು?

ಮೀಸಲಾತಿಯ ಮಾತೆತ್ತಿದರೆ ಸಾಕು, 'ಮೆರಿಟ್ ಹಾಳಾಯ್ತು' ಅಂತ ಗೋಳಾಡುವವರು ನಮ್ಮ ಕಾಲೇಜುಗಳ ತುಂಬ ಇದ್ದಾರೆ. ಅದನ್ನು ಕೇಳಿ ಕೇಳಿ ನಮ್ಮ ಹುಡುಗರು ಸೀಟು ಸಿಕ್ಕ ಮೇಲೂ ಕೊನೇ ಬೆಂಚಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ಈ ಮೆರಿಟ್ಟಿಗೂ ಒಂದು ಚರಿತ್ರೆಯಿದೆ. ನಮ್ಮ ನಾಡಲ್ಲೇ ನಡೆದ ಚರಿತ್ರೆ.

1918. ಮೈಸೂರಿನ ಸರ್ಕಾರಿ ಹುದ್ದೆಗಳು ಬಹುಪಾಲು ಒಂದೇ ಜಾತಿಯ ಕೈಲಿದ್ದ ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ದಕ್ಷತೆ ಕೆಡುತ್ತದೆ ಎಂಬುದು ಅವರ ವಾದ. ಅವರು ದಿವಾನಗಿರಿ ಬಿಟ್ಟರು. 1919ರಲ್ಲಿ ಸಮಿತಿ ವರದಿ ಕೊಟ್ಟಿತು: 7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು. ಇವತ್ತಿನ ಮೆರಿಟ್ಟಿನ ಕೂಗು ಅವತ್ತಿನ ದಕ್ಷತೆಯ ಕೂಗಿನ ಮೊಮ್ಮಗು.

1962ರ ಜುಲೈನಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ನೂರಕ್ಕೆ 68 ಮೀಸಲಿಟ್ಟಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಸೆಪ್ಟೆಂಬರಿನಲ್ಲೇ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ಹೊಡೆದುಹಾಕಿತು. ಜಾತಿಯೊಂದೇ ಅಳತೆಯಾಗಬಾರದು, ಮೀಸಲು ಸಾಮಾನ್ಯವಾಗಿ 50ರೊಳಗಿರಬೇಕು ಅಂದಿತು.

ಸರಿ, ಮುಂದೆ? 1963ರಲ್ಲಿ ಅದೇ ಸರ್ಕಾರ ಆಯ್ಕೆಗೆ ಸಂದರ್ಶನ ತಂದಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡಾ 25ರಷ್ಟು ಅದಕ್ಕೆ. ನೋಡಿದ್ದೇನನ್ನು? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಚರ್ಚಾಸ್ಪರ್ಧೆ, ನಾಟಕ. 1964ರಲ್ಲಿ ಚಿತ್ರಲೇಖಾ ಮೊಕದ್ದಮೆಯಲ್ಲಿ ಕೋರ್ಟಿನ ಬಹುಮತ ಇದನ್ನು ಒಪ್ಪಿತು. ನಾವು ಕೇಳುತ್ತೇವೆ: ಕೇರಿಯ ಹುಡುಗ ತಮಟೆ ಬಾರಿಸಿದ್ದು ಯಾವ ಕಾಲಮ್ಮಿಗೆ ಬರುತ್ತಿತ್ತು? ದನ ಕಾಯುತ್ತಾ ಓದಿದ್ದಕ್ಕೆ ಎಷ್ಟು ಅಂಕ?

ದುಡ್ಡಿನ ಕತೆ ಇನ್ನೊಂದು. 1989ರ ಸರ್ಕಾರಿ ಪ್ರಕಟಣೆಯ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟಿಗೆ ರಾಜ್ಯದವರಿಗೆ 25,000, ಹೊರಗಿನವರಿಗೆ 60,000. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ಕ್ಯಾಪಿಟೇಷನ್ನೇ ಅಂತ ತೀರ್ಪು ಕೊಟ್ಟಿತು. ಸೀಟು ದುಡ್ಡಿಗೆ ಹೋದಾಗ ಈ ಮೆರಿಟ್ಟಿನ ಗೋಳು ಇಷ್ಟು ಜೋರಾಗಿ ಎದ್ದದ್ದುಂಟೇ?

1992ರಲ್ಲೇ ಮಂಡಲ್ ತೀರ್ಪು 50ರ ಗೋಡೆಯನ್ನು ಗಟ್ಟಿ ಮಾಡಿತು. 2019ರಲ್ಲಿ 103ನೇ ತಿದ್ದುಪಡಿ ಬಂದು, ಬೇರೆ ಮೀಸಲಾತಿ ಇಲ್ಲದ ಬಡವರಿಗೆ ಶೇಕಡಾ 10 ಕೊಟ್ಟಿತು. ನಮ್ಮ ಬಡವರು ಅದರಿಂದ ಹೊರಗೆ. 2022ರಲ್ಲಿ ಐವರು ನ್ಯಾಯಾಧೀಶರಲ್ಲಿ ಮೂವರು ಇದನ್ನು ಎತ್ತಿಹಿಡಿದರು. 50ರ ಮಿತಿ ಮೀರಲಾಗದ್ದೇನಲ್ಲ ಅಂದರು. ಅವ್ವ ಅಪ್ಪ ಕೂಲಿ ಮಾಡಿ ಓದಿಸಿದ ಮಕ್ಕಳಿಗೆ ಗೋಡೆಯಾಗಿದ್ದು, ಬೇರೆಯವರು ಬಂದಾಗ ಬಾಗಿಲಾಯಿತು.

ಊರೂರಿನ ಮೇಷ್ಟ್ರುಗಳೇ, ಈ ಇಸವಿಗಳನ್ನು, ಈ ಅಂಕಿಗಳನ್ನು ಕರಿಹಲಗೆ ಮೇಲೆ ಬರೆದು ಮಕ್ಕಳಿಗೆ ಓದಿಸಿ. ತಕ್ಕಡಿ ಯಾರ ಕೈಲಿತ್ತು ಅನ್ನೋದು ಗೊತ್ತಾದ ಮಗು ಕೊನೇ ಬೆಂಚಿಂದ ಎದ್ದು ಮುಂದಕ್ಕೆ ಬಂದು ಕೂರುತ್ತದೆ.