ಆಕರಕೋಶ: ಕಲ್ಪನೆಯಿಂದ ಗಣನೆಗೆ
ಟಿಲ್ ಮತ್ತು ಮೆಕಲಕ್ ಅವರ ಸಂಶೋಧನೆಯ ಮಹತ್ತ್ವ

ಆಕರಕೋಶ ಅಥವಾ ಸ್ಟೆಮ್ ಸೆಲ್ ಎಂಬ ಮಾತು ಇಂದು ಸರ್ವಪರಿಚಿತ. ಆದರೆ ಮಾತು ಹಳೆಯದು, ಅದಕ್ಕೆ ದೊರೆತ ಪ್ರಮಾಣ ಹೊಸದು. ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಅವರು ಈ ಪದವನ್ನು ಬೇರೊಂದು ಸಂದರ್ಭದಲ್ಲಿ 1868ರಲ್ಲಿಯೇ ಬಳಸಿದ್ದರು. ಎಲ್ಲ ಬಗೆಯ ರಕ್ತಕೋಶಗಳಿಗೂ ಒಂದೇ ಮೂಲವಿರಬೇಕೆಂದು ರಷ್ಯಾದ ಅಲೆಕ್ಸಾಂಡರ್ ಮ್ಯಾಕ್ಸಿಮೊವ್ ಅವರು 1909ರಲ್ಲಿ ವಾದಿಸಿದರು. ಆದರೆ ಸೂಕ್ಷ್ಮದರ್ಶಕವು ಕೋಶದ ಆಕಾರವನ್ನು ತೋರಿಸಬಲ್ಲದೇ ಹೊರತು ಅದರ ವಂಶವನ್ನಲ್ಲ. ಆದುದರಿಂದ ಆ ವಾದವು ಅರ್ಧ ಶತಮಾನದವರೆಗೆ ಇತ್ಯರ್ಥವಾಗದೆ ಉಳಿಯಿತು. ಅದನ್ನು ಪ್ರಯೋಗದ ಕಟ್ಟಳೆಗೆ ತಂದವರು ಕೆನಡಾದ ಟೊರಾಂಟೊ ನಗರದ ಇಬ್ಬರು ಸಂಶೋಧಕರು.

1945ರಲ್ಲಿ ಪರಮಾಣು ಬಾಂಬುಗಳು ಬಿದ್ದ ತರುವಾಯ, ವಿಕಿರಣವು ದೇಹಕ್ಕೆ ಮಾಡುವ ಹಾನಿಯ ಅಧ್ಯಯನವು ತೀವ್ರಗೊಂಡಿತು. ವಿಕಿರಣವು ಅಸ್ಥಿಮಜ್ಜೆಯನ್ನು ನಾಶಪಡಿಸಿ ರಕ್ತದ ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಅಂಥ ಇಲಿಗಳಿಗೆ ಆರೋಗ್ಯವಂತ ಇಲಿಯ ಮಜ್ಜೆಯನ್ನು ಚುಚ್ಚಿದರೆ ಅವು ಬದುಕುತ್ತವೆಂದು 1951ರ ವೇಳೆಗೆ ತಿಳಿದಿತ್ತು. ರಕ್ತವನ್ನು ಪುನಃ ಉಂಟುಮಾಡುವುದು ದಾನಿಯ ಕೋಶಗಳೇ ಎಂಬುದು 1956ರಲ್ಲಿ ವರ್ಣತಂತುಗಳ ಪರೀಕ್ಷೆಯಿಂದ ಸ್ಥಿರಪಟ್ಟಿತು. ಆದರೆ ಲಕ್ಷಾಂತರ ಕೋಶಗಳಲ್ಲಿ ಈ ಕಾರ್ಯವನ್ನು ಮಾಡುವವು ಯಾವುವು, ಎಷ್ಟು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಅರ್ನೆಸ್ಟ್ ಮೆಕಲಕ್ ಅವರು ವೈದ್ಯರು; ಜೇಮ್ಸ್ ಟಿಲ್ ಅವರು ಭೌತವಿಜ್ಞಾನದ ಶಿಕ್ಷಣ ಪಡೆದವರು. ಅಂಟಾರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ ಅವರು ಕೈಗೊಂಡ ಕಾರ್ಯವು ಆಕರಕೋಶದ ಅನ್ವೇಷಣೆಯಾಗಿರಲಿಲ್ಲ. ಮಜ್ಜೆಯ ಕೋಶಗಳು ಎಷ್ಟು ವಿಕಿರಣವನ್ನು ಸಹಿಸಬಲ್ಲವೆಂಬುದನ್ನು ಅಳೆಯುವುದೇ ಉದ್ದೇಶವಾಗಿತ್ತು. ಮಾರಕ ಪ್ರಮಾಣದ ವಿಕಿರಣಕ್ಕೆ ಒಳಗಾದ ಇಲಿಗಳಿಗೆ ಎಣಿಸಿದಷ್ಟು ಮಜ್ಜೆಯ ಕೋಶಗಳನ್ನು ಚುಚ್ಚಲಾಯಿತು. ಸುಮಾರು ಹತ್ತು ದಿನಗಳ ಬಳಿಕ ಪರೀಕ್ಷಿಸಿದಾಗ ಇಲಿಗಳ ಗುಲ್ಮದ ಮೇಲೆ ಸಣ್ಣ ಗಂಟುಗಳು ಕಂಡುಬಂದವು. ಚುಚ್ಚಿದ ಕೋಶಗಳು ಹೆಚ್ಚಿದಂತೆ ಗಂಟುಗಳೂ ಅದೇ ಪ್ರಮಾಣದಲ್ಲಿ ಹೆಚ್ಚಿದವು. ಸರಿಸುಮಾರು 10,000 ಕೋಶಗಳಿಗೆ ಒಂದು ಗಂಟು. ಈ ಫಲಿತಾಂಶವು 1961ರಲ್ಲಿ ಪ್ರಕಟವಾಯಿತು.

ಸಂಖ್ಯೆಗಳ ಈ ಅನುಪಾತವು ಪ್ರತಿಯೊಂದು ಗಂಟೂ ಒಂದೇ ಕೋಶದ ಸಂತಾನವಿರಬಹುದೆಂದು ಸೂಚಿಸಿತು. ಆದರೆ ಸೂಚನೆಯು ಸಾಧನೆಯಲ್ಲ. ಶಿಷ್ಯರಾದ ಆಂಡ್ರೂ ಬೆಕರ್ ಅವರೊಡನೆ 1963ರಲ್ಲಿ ಅವರು ಈ ಊಹೆಯನ್ನು ಪರೀಕ್ಷಿಸಿದರು. ವಿಕಿರಣದಿಂದ ಕೆಲವು ಕೋಶಗಳ ವರ್ಣತಂತುಗಳಲ್ಲಿ ವಿಶಿಷ್ಟ ವಿಕಾರಗಳುಂಟಾಗುತ್ತವೆ. ಒಂದು ಗಂಟಿನ ಕೋಶಗಳಲ್ಲಿ ಒಂದೇ ಬಗೆಯ ವಿಕಾರವು ಕಂಡುಬಂದುದರಿಂದ ಅವೆಲ್ಲ ಏಕಮೂಲದವೆಂದು ಸಿದ್ಧವಾಯಿತು. ಅದೇ ವರ್ಷ ಲೂಯಿಸ್ ಸಿಮಿನೊವಿಚ್ ಅವರೊಡನೆ ನಡೆಸಿದ ಪ್ರಯೋಗದಲ್ಲಿ, ಗಂಟಿನೊಳಗೆ ಹೊಸ ಗಂಟುಗಳನ್ನು ಉಂಟುಮಾಡಬಲ್ಲ ಕೋಶಗಳೂ ಇರುವುದು ತಿಳಿಯಿತು. ಹೀಗೆ ಆಕರಕೋಶಕ್ಕೆ ಎರಡು ಲಕ್ಷಣಗಳು ನಿಶ್ಚಯವಾದವು: ತನ್ನಂಥ ಕೋಶವನ್ನೇ ಮತ್ತೆ ಹುಟ್ಟಿಸುವುದು, ಮತ್ತು ಭಿನ್ನ ಬಗೆಯ ಕೋಶಗಳಾಗಿ ಬೆಳೆಯುವ ಸಂತತಿಯನ್ನು ಕೊಡುವುದು. ರೂಪದಿಂದಲ್ಲ, ಕಾರ್ಯದಿಂದಲೇ ಕೋಶವನ್ನು ಗುರುತಿಸಬೇಕೆಂಬ ತತ್ತ್ವವು ಇಲ್ಲಿ ನೆಲೆಗೊಂಡಿತು.

ಈ ತತ್ತ್ವದ ಬಲವು ಮುಂದಿನ ಒಂದು ತಿದ್ದುಪಡಿಯಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ. ಎಂಟನೆಯ ದಿನ ಕಾಣುವ ಗಂಟುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಮಾಯವಾಗುತ್ತವೆಂದು 1982ರಲ್ಲಿ ತಿಳಿದುಬಂದಿತು. ಅಂದರೆ ಗಂಟನ್ನು ಉಂಟುಮಾಡುವ ಕೋಶಗಳೆಲ್ಲವೂ ನಿಜವಾದ ಆಕರಕೋಶಗಳಲ್ಲ. ಅನೇಕವು ಅವುಗಳ ಸೀಮಿತ ಶಕ್ತಿಯ ಸಂತತಿ. ಅಳತೆಗೋಲು ತಿದ್ದಲ್ಪಟ್ಟಿತು, ಆದರೆ ಲಕ್ಷಣವು ಅಬಾಧಿತವಾಗಿ ಉಳಿಯಿತು. ಅದೇ ಲಕ್ಷಣವನ್ನು ಒರೆಗಲ್ಲಾಗಿರಿಸಿಕೊಂಡು 1988ರಲ್ಲಿ ಅಮೆರಿಕದ ಇರ್ವಿಂಗ್ ವೈಸ್‌ಮನ್ ಅವರ ತಂಡವು ಇಲಿಯ ರಕ್ತದ ಆಕರಕೋಶಗಳನ್ನು ಬೇರ್ಪಡಿಸಿತು. ಮಜ್ಜೆಯ ಕಸಿಯನ್ನು ರೋಗಿಗಳಲ್ಲಿ ಸಾಧಿಸಿದ ಡಾನಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಟಿಲ್ ಮತ್ತು ಮೆಕಲಕ್ ಅವರಿಗೆ 2005ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ಇದು ಕೇವಲ ಗತಕಾಲದ ವೃತ್ತಾಂತವಲ್ಲ. ಆಕರಕೋಶದ ಹೆಸರಿನಲ್ಲಿ ಪರೀಕ್ಷೆಗೆ ಒಳಪಡದ ಚಿಕಿತ್ಸೆಗಳನ್ನು ಮಾರುವವರು ನಾನಾ ದೇಶಗಳಲ್ಲಿದ್ದಾರೆ. ಭಾರತದಲ್ಲಿ 2017ರ ರಾಷ್ಟ್ರೀಯ ಮಾರ್ಗಸೂಚಿಯು ಮಾನ್ಯವಾದ ಕೆಲವು ರೋಗಗಳಿಗೆ ರಕ್ತದ ಆಕರಕೋಶಗಳ ಕಸಿಯನ್ನು ಮಾತ್ರ ಅಂಗೀಕರಿಸಿ, ಉಳಿದ ಉಪಯೋಗಗಳನ್ನು ಸಂಶೋಧನೆಯ ಪರಿಮಿತಿಯಲ್ಲಿಯೇ ಇರಿಸಿತು. ಈ ಕೋಶವು ಏನು ಮಾಡುತ್ತದೆ, ಅದನ್ನು ಎಣಿಸಿ ತೋರಿಸಬಹುದೇ ಎಂಬ ಟೊರಾಂಟೊ ಸಂಶೋಧಕರ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಹೆಸರು ಉಳಿಯುತ್ತದೆ, ಚಿಕಿತ್ಸೆ ಉಳಿಯುವುದಿಲ್ಲ.