ಹಾಡಿದವರು ಯಾರು? ಸಮುದಾಯ ಬಾನುಲಿಯ ನಿರೂಪಕಿ ಮತ್ತು ಗಾಯಕಿಯರ ಹೆಸರಿನ ಪ್ರಶ್ನೆ

ಸಂಗೀತ ಲೋಕದ ಮಹಿಳೆಯರನ್ನು ಕುರಿತ ಬಾನುಲಿ ಕಾರ್ಯಕ್ರಮಗಳು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಹುಟ್ಟುತ್ತವೆ: ಮಾರ್ಚ್ 8 ಹತ್ತಿರ ಬಂದಾಗ, ಇಲ್ಲವೇ ಹೆಸರಾಂತ ಗಾಯಕಿಯೊಬ್ಬರು ತೀರಿಕೊಂಡಾಗ. ಎರಡರಲ್ಲೂ ನಿರೂಪಣೆಯ ಧಾಟಿ ಒಂದೇ. ಗಾಯಕಿ ಕೋಗಿಲೆಯಾಗುತ್ತಾಳೆ, ಸರಸ್ವತಿಯ ಪುತ್ರಿಯಾಗುತ್ತಾಳೆ; ಅವಳಿಗೆ ಪಾಠ ಹೇಳಿದವರು ಯಾರು, ಪಕ್ಕವಾದ್ಯಕ್ಕೆ ಯಾರಿದ್ದರು, ಸಂಭಾವನೆ ಎಷ್ಟು, ಯಾವ ಮನೆಯಲ್ಲಿ ಹಾಡಬಹುದಿತ್ತು, ಯಾವ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ ಎಂಬ ಸಂಗತಿಗಳು ಹೊರಗೇ ಉಳಿಯುತ್ತವೆ. ಇಂಥ ಕಾರ್ಯಕ್ರಮದಲ್ಲಿ ನಿರೂಪಕಿಯ ಅತಿ ಮುಖ್ಯ ಕೆಲಸ ಹೊಗಳಿಕೆಯಲ್ಲ, ಹಾಡಿಗೆ ಮುಂಚೆ ಮತ್ತು ಹಾಡಿನ ನಂತರ ಹಾಡಿದವರನ್ನು ಗುರುತಿಸಿ ಹೇಳುವ ಆ ಒಂದೆರಡು ವಾಕ್ಯ ಎಂಬುದು ಈ ಲೇಖನದ ವಾದ. ಆ ವಾಕ್ಯ ಯಾರ ಹಿಡಿತದಲ್ಲಿತ್ತು ಎಂಬುದಕ್ಕೆ ನಮ್ಮಲ್ಲಿ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

1902ರ ನವೆಂಬರಿನಲ್ಲಿ ಕೊಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಗ್ರಾಮಫೋನ್ ತಟ್ಟೆಯ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇದನ್ನು ಹೆಣ್ಣಿನ ಆತ್ಮವಿಶ್ವಾಸದ ಘೋಷಣೆಯೆಂದು ಓದುವ ವಾಡಿಕೆ ಇತ್ತೀಚೆಗೆ ಬೆಳೆದಿದೆ. ಕಾರಣ ಅಷ್ಟು ಕಾವ್ಯಮಯವಾದುದಲ್ಲ. ಆಗಿನ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗುತ್ತಿದ್ದವು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಬೇಕಿತ್ತು. ಕಾರ್ಖಾನೆಯ ಅನುಕೂಲಕ್ಕೆ ಹುಟ್ಟಿದ ಈ ಪದ್ಧತಿಯಿಂದ ಗಾಯಕಿಗೆ ತನ್ನ ಹೆಸರನ್ನು ತನ್ನ ದನಿಯಲ್ಲೇ ದಾಖಲಿಸುವ ಅವಕಾಶ ಸಿಕ್ಕಿತು. ಹ್ಯಾನೋವರಿನ ಅವಲಂಬನೆ ತಪ್ಪಿದ ಮೇಲೆ ಆ ಅವಕಾಶವೂ ತಪ್ಪಿತು. ಹೆಸರು ಚೀಟಿಗೆ ಸೇರಿತು, ಚೀಟಿ ಕಂಪನಿಯ ಪಾಲಾಯಿತು. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅದೇ ಊರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ್ದು 1935ರಲ್ಲಿ. ಐದು ವರ್ಷ ತಡವಾಯಿತು ಎಂದು ಇಂದಿಗೂ ಅನಿಸುತ್ತದೆ.

ಹೆಸರು ಕಂಪನಿಯ ಪಾಲಾದರೆ ಏನಾಗುತ್ತದೆ ಎಂಬುದಕ್ಕೆ ಗಂಗೂಬಾಯಿ ಹಾನಗಲ್ (1913–2009) ಅವರ ಮೊದಲ ತಟ್ಟೆಗಳೇ ಸಾಕ್ಷಿ. ಅವುಗಳ ಮೇಲೆ ಇರುವುದು ‘ಗಾಂಧಾರಿ’ ಎಂಬ ಹೆಸರು. ಮುಂದೆ ಪ್ರಸಿದ್ಧಿ ಬಂದ ಮೇಲೂ ಒಂದು ವಿಷಯ ಅವರನ್ನು ಬಿಡಲಿಲ್ಲ: ಗಂಡಸು ಮುಸ್ಲಿಮನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಹೆಂಗಸು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಅವರು ಹೇಳುತ್ತಿದ್ದರು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ವರ್ಷಗಳ ವಿದ್ಯೆಯನ್ನು ಆ ಒಂದು ಪ್ರತ್ಯಯ ಮುಚ್ಚಿಹಾಕಬಲ್ಲದು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸರ್ದಾರ್ ಪಟೇಲರು ಪ್ರಸಾರ ಖಾತೆಯ ಹೊಣೆ ಹೊತ್ತಿದ್ದಾಗ, ಖಾಸಗಿ ಬದುಕು ಲೋಕನಿಂದೆಗೆ ಗುರಿಯಾದವರಿಗೆ ಆಕಾಶವಾಣಿಯಲ್ಲಿ ಅವಕಾಶವಿಲ್ಲವೆಂಬ ನಿಲುವು ಬಂತು. ಗುರಿ ‘ಬಾಯಿ’ ಎನಿಸಿಕೊಂಡ ವೃತ್ತಿಗಾಯಕಿಯರೇ ಎಂಬುದು ಎಲ್ಲರಿಗೂ ತಿಳಿದಿತ್ತು. 1952ರಿಂದ ಹತ್ತು ವರ್ಷ ಸಚಿವರಾಗಿದ್ದ ಬಿ.ವಿ. ಕೇಸ್ಕರರ ಕಾಲದಲ್ಲಿ ಧ್ವನಿಪರೀಕ್ಷೆಯೂ ಶ್ರೇಣಿ ಪದ್ಧತಿಯೂ ಬಿಗಿಯಾದವು. ಹಾಡಬೇಕೆಂದರೆ ಗೃಹಿಣಿಯಂತೆ ಕಾಣಬೇಕು, ಹೆಸರು ಅದಕ್ಕೆ ಹೊಂದಬೇಕು. ‘ಬಾಯಿ’ ಬಿಟ್ಟು ‘ದೇವಿ’ ಎಂದು ಸೇರಿಸಿಕೊಂಡವರು ಹಲವರು.

ಈ ಹಿನ್ನೆಲೆಯಲ್ಲಿ ನೋಡಿದರೆ ಸಮುದಾಯ ಬಾನುಲಿ ಹೊಸ ಬಗೆಯ ಅವಕಾಶ. ತರಂಗಾಂತರ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ಹೇಳಿತು. ಮರುವರ್ಷ ಬೆಂಗಳೂರಿನಲ್ಲಿ ಹೊರಟ ಘೋಷಣೆ ಸಮುದಾಯಗಳಿಗೆ ಬಾನುಲಿ ಬೇಕೆಂದು ಕೇಳಿತು. ಸ್ವಯಂಸೇವಾ ಸಂಸ್ಥೆಗಳಿಗೆ ಪರವಾನಗಿ ಸಿಗಲು 2006ರ ನೀತಿಯವರೆಗೆ ಕಾಯಬೇಕಾಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಅಷ್ಟು ಕಾಯಲಿಲ್ಲ. ಮಹಿಳಾ ಸ್ವಸಹಾಯ ಸಂಘಗಳ ಬಲದ ಮೇಲೆ ನಿಂತ ಅಲ್ಲಿನ ಕೇಂದ್ರ ಮೊದಲು ಧ್ವನಿಮುದ್ರಿಸಿದ ಕಾರ್ಯಕ್ರಮಗಳನ್ನು ಸಂಘದ ಸಭೆಗಳಲ್ಲಿ ಕೇಳಿಸಿತು, ಆಮೇಲೆ ಊರಿನ ಕೇಬಲ್ ತಂತಿಯ ಮೂಲಕ ಮನೆಮನೆಗೆ ಮುಟ್ಟಿಸಿತು. ಬೀದರಿನ ಗಡಿಯಾಚೆ, ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ 2008ರ ಅಕ್ಟೋಬರಿನಲ್ಲಿ ಆರಂಭವಾದ ‘ಸಂಘಂ ರೇಡಿಯೊ’ವನ್ನು ದಲಿತ ಮಹಿಳೆಯರೇ ನಡೆಸಿದರು. ಇಂಥ ಕಡೆ ನಿರೂಪಕಿಗೂ ಗಾಯಕಿಗೂ ನಡುವೆ ಧ್ವನಿಪರೀಕ್ಷಾ ಮಂಡಳಿಯಿಲ್ಲ. ಅವರಿಬ್ಬರೂ ಒಂದೇ ಹೊಲಕ್ಕೆ ಕಳೆ ಕೀಳಲು ಹೋಗುವವರೇ ಆಗಿರಬಹುದು.

ಆದರೂ ಆಕಾಶವಾಣಿಯ ಮಾತಿನ ಅಚ್ಚು ಇಲ್ಲೂ ಹಾಗೇ ಮುಂದುವರಿಯುತ್ತದೆ. ಅದರಲ್ಲಿ ಅತ್ಯಂತ ಗಟ್ಟಿಯಾದದ್ದು ‘ಮತ್ತು ಸಂಗಡಿಗರು’. ಸೋಬಾನೆಯಲ್ಲಿ ಒಬ್ಬರು ಸೊಲ್ಲೆತ್ತುತ್ತಾರೆ, ಉಳಿದವರು ಹಿಡಿದು ಹಾಡುತ್ತಾರೆ. ಹಿಡಿಯುವವರು ತಪ್ಪಿದರೆ ಸೊಲ್ಲೆತ್ತಿದವಳು ಉಸಿರು ತೆಗೆದುಕೊಳ್ಳಲಾರಳು, ಮುಂದಿನ ಸೊಲ್ಲನ್ನು ನೆನಪಿಗೆ ತಂದುಕೊಳ್ಳಲೂ ಆಗದು. ಹೀಗೆ ಹಾಡಿನ ಕಟ್ಟಡದ ಅರ್ಧ ಭಾರ ಹೊತ್ತವರು ಪ್ರಕಟಣೆಯಲ್ಲಿ ಎರಡು ಪದಗಳಲ್ಲಿ ಕರಗಿಹೋಗುತ್ತಾರೆ. ರಾಷ್ಟ್ರಮಟ್ಟದ ಕೇಂದ್ರಕ್ಕೆ ಸಮಯದ ಅಭಾವವೆಂಬ ನೆಪವಿದೆ. ಹತ್ತಾರು ಹಳ್ಳಿಗಳಿಗಷ್ಟೇ ಕೇಳಿಸುವ ಕೇಂದ್ರಕ್ಕೆ ಆ ನೆಪ ಒಪ್ಪುವುದಿಲ್ಲ. ಆರು ಹೆಸರು ಹೇಳಲು ಬೇಕಾಗುವುದು ಕೆಲವೇ ಸೆಕೆಂಡು. ಇನ್ನೊಂದು ಅಚ್ಚು ಭಂಡಾರದ ಹೊಗಳಿಕೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು (ಪದ್ಮಶ್ರೀ, 2017) ಅಥವಾ ಬುರ್ರಕಥೆಯ ದರೋಜಿ ಈರಮ್ಮನವರನ್ನು ನೆನೆಯುವಾಗಲೆಲ್ಲ ಅವರಿಗೆ ಎಷ್ಟು ಸಾವಿರ ಹಾಡು, ಎಷ್ಟು ಕಥೆ ಬಾಯಿಗೆ ಬರುತ್ತಿತ್ತು ಎಂಬ ಲೆಕ್ಕ ಮುಂದಕ್ಕೆ ಬರುತ್ತದೆ. ಈ ಎಣಿಕೆಯಲ್ಲಿ ಕಲಾವಿದೆ ಕಣಜವಾಗಿಬಿಡುತ್ತಾಳೆ: ತುಂಬಿಟ್ಟದ್ದನ್ನು ಹೊರತೆಗೆಯುವುದಷ್ಟೇ ಅವಳ ಕೆಲಸ ಎಂಬಂತೆ. ಬುರ್ರಕಥೆಯಂಥ ರಾತ್ರಿಯಿಡೀ ನಡೆಯುವ ಪ್ರಕಾರದಲ್ಲಿ ಕಥೆಯನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ನಗಿಸಬೇಕು, ಎಲ್ಲಿ ಬಿಟ್ಟು ಮುಂದೆ ಹೋಗಬೇಕು ಎಂದು ಕ್ಷಣಕ್ಷಣ ತೀರ್ಮಾನಿಸುವವಳು ಆಕೆ. ಆ ತೀರ್ಮಾನಗಳ ಬಗ್ಗೆ ಒಂದು ಪ್ರಶ್ನೆ ಕೇಳಿದ ನಿರೂಪಕಿ ಹತ್ತು ವಿಶೇಷಣ ಹೇಳಿದವಳಿಗಿಂತ ಹೆಚ್ಚು ಗೌರವ ಕೊಟ್ಟಂತೆ.

ಹಾಗಾದರೆ ಎಲ್ಲರ ಪೂರ್ಣ ಹೆಸರು, ಊರು, ಮನೆತನ ಹೇಳಿಬಿಟ್ಟರೆ ನ್ಯಾಯ ಸಂದಂತಾಯಿತೇ? ಸಮುದಾಯ ಬಾನುಲಿಯ ವಿಶಿಷ್ಟ ತೊಡಕು ಇಲ್ಲಿಯೇ ಇದೆ. ಪರವಾನಗಿ ಸಾಮಾನ್ಯವಾಗಿ 100 ವಾಟ್ ವಿಕಿರಣ ಸಾಮರ್ಥ್ಯಕ್ಕೆ, 30 ಮೀಟರ್ ಗೋಪುರಕ್ಕೆ ಸೀಮಿತ. ದನಿ ಹೆಚ್ಚೆಂದರೆ ಹತ್ತು ಹದಿನೈದು ಕಿಲೋಮೀಟರ್ ಹೋಗುತ್ತದೆ. ಆ ವ್ಯಾಪ್ತಿಯೊಳಗೆ ಹೆಸರು ಎಂದರೆ ಬರೀ ಹೆಸರಲ್ಲ. ಕೇರಿ, ಜಾತಿ, ಗಂಡನ ಮನೆ, ತವರು ಎಲ್ಲವೂ ಬಯಲಾಗುತ್ತವೆ. ಅತ್ತೆಯ ಕಾಟವನ್ನು ಹಾಡುವ ಬೀಸುವ ಪದವೊಂದನ್ನು ಸೊಸೆಯೊಬ್ಬಳು ಕಲ್ಲಿನ ಮುಂದೆ ಕೂತು ಹಾಡಿದರೆ ಅದು ಪರಂಪರೆ. ಅದೇ ಪದ ಅವಳ ಹೆಸರಿನೊಂದಿಗೆ ಬಾನುಲಿಯಲ್ಲಿ ಬಂದು, ಅತ್ತೆ ಪಡಸಾಲೆಯಲ್ಲಿ ಕೂತು ಕೇಳಿದರೆ ಅದು ದೂರು. ಎಲ್ಲಮ್ಮನ ಚೌಡಿಕೆ ಪದ ಹಾಡುವವರ ವಿಷಯ ಇನ್ನೂ ಸೂಕ್ಷ್ಮ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದ್ದು. ಪದ್ಧತಿಯ ನೆರಳಿನಿಂದ ಮಕ್ಕಳನ್ನು ದೂರವಿಟ್ಟ ತಾಯಂದಿರಿಗೆ ಹಾಡಿನ ಮೇಲೆ ಅಭಿಮಾನವಿದ್ದರೂ ಹೆಸರಿನ ಬಗ್ಗೆ ಅಂಜಿಕೆ ಇರುವುದು ಸಹಜ. ಮಂಜಮ್ಮ ಜೋಗತಿಯವರು ಜೋಗತಿಯೆಂಬ ತಮ್ಮ ಗುರುತನ್ನು ತಾವೇ ಎತ್ತಿಹಿಡಿದು ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನದವರೆಗೆ ನಡೆದರು. ಆ ದಾರಿ ಎಲ್ಲರಿಗೂ ತೆರೆದಿದೆ ಎಂದು ನಿರೂಪಕಿ ಭಾವಿಸಿಕೊಂಡರೆ ಅನಾಹುತವಾದೀತು. ‘ಗಾಂಧಾರಿ’ಯಂಥ ಮರೆಹೆಸರನ್ನೂ ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ಕಂಪನಿ ಹೇರಿದರೆ ಅದು ಅಪಹರಣ. ಹಾಡುಗಾರ್ತಿಯೇ ಆರಿಸಿಕೊಂಡರೆ ಆಸರೆ. ಆದ್ದರಿಂದ ಧ್ವನಿಮುದ್ರಣಕ್ಕೆ ಒಪ್ಪಿಗೆ, ಹೆಸರಿನ ಪ್ರಕಟಣೆಗೆ ಒಪ್ಪಿಗೆ ಎಂದು ಎರಡನ್ನು ಬೇರೆಬೇರೆಯಾಗಿ ಕೇಳಬೇಕು. ಕೇಳುವಾಗ ಮನೆಯ ಗಂಡಸರು ಎದುರಿಗಿರಬಾರದು ಎಂಬುದು ಯಾವ ಕೈಪಿಡಿಯೂ ಹೇಳಬೇಕಾಗಿಲ್ಲದ ವಿವೇಕ.

ಕಾನೂನು ಈ ವಿಷಯದಲ್ಲಿ ನಿರೂಪಕಿಯ ಬೆನ್ನಿಗೆ ತಡವಾಗಿಯಾದರೂ ಬಂದಿದೆ. ಪ್ರದರ್ಶಕರ ಹಕ್ಕು ಕೃತಿಸ್ವಾಮ್ಯ ಕಾಯ್ದೆಯೊಳಗೆ ಬಂದದ್ದು 1994ರ ತಿದ್ದುಪಡಿಯಿಂದ. ಪ್ರದರ್ಶಕರೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕು ಸೇರಿದ್ದು 2012ರಲ್ಲಿ. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದಾಗ ಇದಾವುದೂ ಇರಲಿಲ್ಲ. ಇಂದು ಅವರನ್ನು ಕುರಿತು ಅರ್ಧ ಗಂಟೆಯ ಕಾರ್ಯಕ್ರಮ ಮಾಡಹೊರಟ ನಿರೂಪಕಿಗೆ ಎದುರಾಗುವ ಲೆಕ್ಕ ವಿಚಿತ್ರವಾದದ್ದು. ಧ್ವನಿಮುದ್ರಣದ ಸ್ವಾಮ್ಯ 60 ವರ್ಷಕ್ಕೆ ಮುಗಿಯುವುದರಿಂದ ಆ ದನಿ ಈಗ ಎಲ್ಲರದು. ಆದರೆ ಸಾಹಿತ್ಯ, ಸಂಗೀತಗಳ ಸ್ವಾಮ್ಯ ಕರ್ತೃವಿನ ಮರಣದ ನಂತರವೂ 60 ವರ್ಷ ಇರುತ್ತದೆ. ಗೀತರಚನೆಕಾರ ಪ್ರದೀಪ್ ತೀರಿಕೊಂಡದ್ದು 1998ರಲ್ಲಿ, ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್ 2003ರಲ್ಲಿ. ಹಾಡಿನಲ್ಲಿ ಇಬ್ಬರು ಗಂಡಸರ ಪಾಲು 2058, 2063ರವರೆಗೆ ಭದ್ರ. ಹಾಡಿದ ಹೆಂಗಸಿನ ಪಾಲು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಇದನ್ನು ಕೇಳುಗರಿಗೆ ಹೇಳಿದರೆ ಅದೂ ಸಂಗೀತ ಚರಿತ್ರೆಯೇ. ಹಾಡಿನ ನಡುವೆ ಕಾನೂನು ಮಾತಾಡಿದರೆ ಬೇಸರವೆನ್ನುವವರಿದ್ದಾರೆ. ಯಾರಿಗೆ ದುಡ್ಡು ಹೋಯಿತು ಎಂಬ ಕಥೆ ಹಳ್ಳಿಯ ಕೇಳುಗರಿಗೆ ಬೇಸರ ತಂದೀತು ಎಂದು ನನಗೆ ನಂಬಿಕೆಯಿಲ್ಲ. ಸಿನಿಮಾ ಗೀತೆಗಳ ಖರ್ಚು ತೂಗದ ಸಣ್ಣ ಕೇಂದ್ರಗಳು ಊರಿನ ಹಾಡುಗಾರ್ತಿಯರ ಕಡೆ ತಿರುಗುವುದು ಅನೇಕ ಸಲ ಆದರ್ಶದಿಂದಲ್ಲ, ಈ ಲೆಕ್ಕದಿಂದ. ಅದರಲ್ಲಿ ಅವಮಾನವೇನಿಲ್ಲ, ಉಚಿತವಾಗಿ ಸಿಗುತ್ತದೆಂದು ಹಾಡಿದವರಿಗೆ ಬಸ್ ಚಾರ್ಜನ್ನೂ ಕೊಡದಿದ್ದರೆ ಮಾತ್ರ ಅವಮಾನ.

2024ರ ಪರಿಷ್ಕೃತ ಮಾರ್ಗಸೂಚಿ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕೆಂದು ಹೇಳುತ್ತದೆ. ಜಾಹೀರಾತಿನ ಅವಧಿಯನ್ನು ಗಂಟೆಗೆ 7ರಿಂದ 12 ನಿಮಿಷಕ್ಕೆ ಏರಿಸಿದೆ. ಎರಡನೆಯದು ನಿರೂಪಕಿಯ ಗೌರವಧನಕ್ಕೆ ನೆರವಾದೀತು, ಹೆಸರು ಹೇಳುವ ಸಮಯವನ್ನು ನುಂಗಲೂಬಹುದು. ಸಮಿತಿಯ ಮಹಿಳೆಯರು ಮೊದಲು ನೋಡಬೇಕಾದದ್ದು ಕಾರ್ಯಕ್ರಮದ ಜೊತೆಗಿಡುವ ವಿವರಪಟ್ಟಿಯನ್ನು: ಸೊಲ್ಲೆತ್ತಿದವರು, ಹಿಡಿದವರು, ಯಾರಿಂದ ಕಲಿತರು, ಯಾವ ಹೆಸರಿನಲ್ಲಿ ಪ್ರಕಟಿಸಲು ಒಪ್ಪಿದರು. ಏಕೆಂದರೆ ಪ್ರಸಾರವಾದ ಕಾರ್ಯಕ್ರಮವನ್ನು ಮೂರು ತಿಂಗಳು ಕಾಯ್ದಿಡಬೇಕೆಂದಷ್ಟೇ 2006ರ ನೀತಿ ವಿಧಿಸಿತು, ಅದೂ ದೂರು ಬಂದರೆ ಪರಿಶೀಲಿಸಲೆಂದು. ಕಂಪ್ಯೂಟರಿನಲ್ಲಿ ಜಾಗ ಸಾಲದಾದಾಗ ಮೊದಲು ಅಳಿಸಿಹೋಗುವುದು ಹಾಡಿದವರು ಯಾರೆಂದು ಗುರುತು ಬರೆಯದೆ ಉಳಿದ ಕಡತಗಳೇ.