ಹಗೇವಿನ ರಾಗಿ, ಕಾರ್ಖಾನೆಯ ಕಬ್ಬು

ಊರ ಮುಂದಿನ ಅರಳೀಕಟ್ಟೆಯ ಮೇಲೆ ವಯಸ್ಸಾದ ನಾಲ್ವರು ಒಂದೆಡೆ ಕುಳಿತರೆ, ಮಾತು ಮಳೆಬೆಳೆಯಿಂದ ಆರಂಭವಾಗಲಿ, ಮೊಮ್ಮಗನ ನೌಕರಿಯಿಂದ ಆರಂಭವಾಗಲಿ, ಕಡೆಗೆ ಬಂದು ನಿಲ್ಲುವ ತಾಣ ಒಂದೇ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂಬುದೇ ಆ ತಾಣ. ಅಂದು ಕೈಯಲ್ಲಿ ಕಾಸು ಕಡಿಮೆ, ಮನಸ್ಸಿನಲ್ಲಿ ನೆಮ್ಮದಿ ಹೆಚ್ಚು. ಎರಡು ಜೊತೆ ಬಟ್ಟೆಯಲ್ಲಿ ವರ್ಷ ಕಳೆಯುತ್ತಿತ್ತು. ಮದ್ದೂರಿಗೆ ಗಾಡಿಯಲ್ಲಿ ಹೋಗಿಬರುವುದೇ ಮಕ್ಕಳ ಪಾಲಿಗೆ ಒಂದು ಯಾತ್ರೆ. ಬೆಸಗರಹಳ್ಳಿಯ ಕಡೆ ಹುಟ್ಟಿ ಬೆಳೆದ ಈ ಲೇಖಕನೂ ಕಟ್ಟೆಯ ಮೇಲೆ ಕುಳಿತು ಅದೇ ಮಾತನ್ನು ಎಷ್ಟೋ ಸಲ ಆಡಿದವನೇ. ಆದರೆ ಆ ಸರಳ ಜೀವನ ಯಾವ ಆಧಾರದ ಮೇಲೆ ನಿಂತಿತ್ತು, ಅದು ಎಂದು ಹೇಗೆ ಕದಲಿತು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಮಂಡ್ಯ ಸೀಮೆಯ ಕಳೆದ ನೂರು ವರ್ಷಗಳ ಚರಿತ್ರೆ ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. ಆ ಉತ್ತರ ನಾವು ಎಣಿಸಿದಂತೆ ಇಲ್ಲ.

ಮೊದಲು ಹಗೇವಿನ ಮಾತು. ಇಂದಿನ ಬಾಲಕರಿಗೆ ಈ ಪದವೇ ಅಪರಿಚಿತ. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಡಲು ಅಗಲವಾಗಿ ತೋಡಿದ ನೆಲಗುಳಿಯೇ ಹಗೇವು. ತಳಕ್ಕೂ ಪಕ್ಕಕ್ಕೂ ಹುಲ್ಲು ಹಾಸಿ, ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಆಯಿತು. ರಾಗಿಯ ಕಾಳು ಬಹು ಸಣ್ಣದಾದುದರಿಂದ ಅದಕ್ಕೆ ಹುಳು ಹಿಡಿಯುವುದು ವಿರಳ. ಗಾಳಿ ಆಡದ ಆ ಗುಳಿಯಲ್ಲಿ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆರೆದ ದಿನ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಯಾರೂ ಇಳಿಯುವಂತಿರಲಿಲ್ಲ. ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಿದ್ದ. ನಮ್ಮ ಹಿತ್ತಲಿನಲ್ಲಿ ಅಂಥದೊಂದು ಹಗೇವು ಇತ್ತು. ಅದು ತುಂಬಿರುವವರೆಗೆ ಮನೆಯ ಯಜಮಾನನಿಗೆ ಪೇಟೆಯ ಧಾರಣೆಯ ಹಂಗಿರಲಿಲ್ಲ. ಬೆಲೆ ಏರಲಿ, ಇಳಿಯಲಿ, ಅಂಬಲಿ ಮುದ್ದೆಗಳಿಗೆ ಕೊರತೆಯಿಲ್ಲ. ನಾವು ‘ನೆಮ್ಮದಿ’ ಎಂದು ನೆನೆಯುವುದರಲ್ಲಿ ಬಹುಪಾಲು ಈ ನೆಲಗುಳಿಯಲ್ಲಿತ್ತು ಎಂದರೆ ಉತ್ಪ್ರೇಕ್ಷೆಯಾಗಲಾರದು.

ಸುಗ್ಗಿಯ ಕಣವೂ ಹಾಗೆಯೇ. ರಾಶಿಯನ್ನು ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದ ಊರಿಗೆ ವ್ಯತ್ಯಾಸವಾಗುತ್ತಿದ್ದರೂ ಆಯಾ ಊರಿನೊಳಗೆ ಅದರ ಬಗೆಗೆ ತಕರಾರಿರಲಿಲ್ಲ. ರಾಶಿ ಮನೆಗೆ ಹೋಗುವ ಮೊದಲು ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ಕುಂಬಾರ, ತೋಟಿ, ತಳವಾರ, ನೀರಗಂಟಿ ಇವರೆಲ್ಲರ ಆಯ ಅಳೆದು ಬೇರೆಯಾಗುತ್ತಿತ್ತು. ಮಠದ ದಾಸೋಹಕ್ಕೆಂದು ಮೊರದ ರಾಗಿಯೂ ಅಲ್ಲಿಯೇ ಮೀಸಲಾಗುತ್ತಿತ್ತು. ವರ್ಷವಿಡೀ ಮಾಡಿದ ಕೆಲಸಕ್ಕೆ ವರ್ಷಕ್ಕೊಮ್ಮೆ ಕಣದಲ್ಲಿ ಲೆಕ್ಕ ತೀರುತ್ತಿತ್ತು. ನಡುವೆ ರೂಪಾಯಿಯ ಸುಳಿವೇ ಇಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಿತ್ರ ಸುಂದರವಾಗಿಯೇ ಇದೆ. ಆದರೆ ಕಣದಲ್ಲಿ ನಿಂತವರೆಲ್ಲ ಒಂದೇ ಸ್ಥಾನದಲ್ಲಿ ನಿಂತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆಯದ ಅಳತೆ ಗೊತ್ತುಪಡಿಸಿದ್ದು. ಬೆಳೆ ಹುಲುಸಾದ ವರ್ಷವೂ ದುಡಿದವನಿಗೆ ಅಷ್ಟೇ, ಬೆಳೆ ಸೊರಗಿದ ವರ್ಷವೂ ಅಷ್ಟೇ. ಕೆಟ್ಟ ವರ್ಷದಲ್ಲಿ ಇದು ಅವನನ್ನು ಉಪವಾಸದಿಂದ ಕಾಯುತ್ತಿತ್ತು ನಿಜ. ಒಳ್ಳೆಯ ವರ್ಷದ ಹೆಚ್ಚಳವೆಲ್ಲ ಜಮೀನಿನ ಒಡೆಯನ ಹಗೇವಿಗೆ ಹೋಗುತ್ತಿತ್ತು ಎಂಬುದೂ ಅಷ್ಟೇ ನಿಜ. ತೋಟಿಯ ಮಗ ತೋಟಿಯಾಗಿಯೇ ಇರಬೇಕಾಗಿತ್ತು. ಹಗೇವೂ ಎಲ್ಲರ ಹಿತ್ತಲಿನಲ್ಲಿ ಇರಲಿಲ್ಲ. ಮಳೆ ಎರಡು ವರ್ಷ ಸತತವಾಗಿ ಕೈಕೊಟ್ಟರಂತೂ ಉಳ್ಳವರ ಹಗೇವೂ ಬರಿದಾಗುತ್ತಿತ್ತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರವರೆಗೆ, ಆದದ್ದು ಇದೇ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಸರಳ ಜೀವನದ ಸ್ಮರಣೆಯಲ್ಲಿ ಈ ಅಂಕಿಗಳಿಗೂ ಸ್ಥಳವಿರಬೇಕು.

ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾದದ್ದು, ಅದು ಮುಗಿಯಲು ಸುಮಾರು ಎರಡು ದಶಕಗಳು ಹಿಡಿದದ್ದು, ಮದರಾಸಿನೊಂದಿಗೆ 1924ರ ಒಪ್ಪಂದ ಆದ ಮೇಲೆಯೇ ವಿಸ್ತಾರವಾದ ನೀರಾವರಿಗೆ ದಾರಿಯಾದದ್ದು, ಇವೆಲ್ಲ ವಾಚಕರಿಗೆ ತಿಳಿದ ಸಂಗತಿಗಳೇ. ಅಂದು ಇರ್ವಿನ್ ನಾಲೆ ಎಂದು ಕರೆಸಿಕೊಂಡು ಈಗ ವಿಶ್ವೇಶ್ವರಯ್ಯ ನಾಲೆಯಾಗಿರುವ ಕಾಲುವೆ 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳಿಗೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮ ಇದರ ಹಿಂದೆ ಇತ್ತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಒಂದು ದಶಕದೊಳಗೆ ಇಷ್ಟು ಬದಲಾವಣೆ!

ಇವುಗಳಲ್ಲಿ ನಮ್ಮ ಬಾಳನ್ನು ಎಲ್ಲಕ್ಕಿಂತ ಆಳವಾಗಿ ಕಲಕಿದ್ದು ಯಾವುದು ಎಂದು ಕೇಳಿದರೆ ಅದು ಕಬ್ಬಿನ ಒಂದು ಸ್ವಭಾವ ಎಂದು ಈ ಲೇಖಕನ ಅಭಿಪ್ರಾಯ. ರಾಗಿಯನ್ನು ವರ್ಷಗಟ್ಟಲೆ ಇಡಬಹುದು. ಭತ್ತವನ್ನು ಒಂದೆರಡು ವರ್ಷ ಇಡಬಹುದು. ಕಡಿದ ಕಬ್ಬನ್ನು ಮಾತ್ರ ಇಡುವಂತಿಲ್ಲ. ದಿನ ಕಳೆದಷ್ಟೂ ಅದರ ತೂಕ ಇಳಿಯುತ್ತದೆ, ಸಿಹಿ ಇಳಿಯುತ್ತದೆ. ನೆಟ್ಟ ಮೇಲೆ ಹನ್ನೆರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಕಾಯಬೇಕು, ಕಡಿದ ಮೇಲೆ ಒಂದು ದಿನವೂ ಕಾಯಬಾರದು. ಅದನ್ನು ಉಣ್ಣುವಂತಿಲ್ಲ, ಆಯವಾಗಿ ಅಳೆದುಕೊಡುವಂತಿಲ್ಲ, ಹಗೇವಿಗೆ ತುಂಬುವಂತಿಲ್ಲ. ಕಾರ್ಖಾನೆಗೆ ಅಥವಾ ಆಲೆಮನೆಗೆ ಹಾಕಬೇಕು, ಹಣ ಪಡೆಯಬೇಕು. ಗೊಬ್ಬರಕ್ಕೆ ಮುಂಗಡ, ಕಟಾವಿಗೆ ಅಪ್ಪಣೆ, ಗಾಡಿ ಸಾಲಿನಲ್ಲಿ ರಾತ್ರಿ ಜಾಗರಣೆ, ಮುಂಗಡವನ್ನು ಮುರಿದುಕೊಂಡು ಉಳಿದದ್ದಕ್ಕೆ ಬಿಲ್ಲು. ಹೀಗೆ ಒಕ್ಕಲಿನವನ ವರ್ಷದ ಲೆಕ್ಕ ಕಣದಿಂದ ಕಾಗದಕ್ಕೆ ಬಂತು. ಸುಗ್ಗಿಯಲ್ಲಿ ಮೊರ ಹಿಡಿದು ಬರುತ್ತಿದ್ದ ನಮ್ಮ ಹಿರಿಯರು ಮಠದ ಕಾಣಿಕೆಯ ವಿಷಯ ಬಂದಾಗ ‘ಕಬ್ಬಿನ ಬಿಲ್ಲು ಬರಲಿ, ಬುದ್ಧಿ’ ಎಂದು ಕೈಮುಗಿಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ನಾಣ್ಯವೂ ಅದೇ ಕಾಲಕ್ಕೆ ಬದಲಾಯಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತು. ಒಂದಾಣೆಗೆ ಆರು ಪೈಸೆ, ಆದರೆ ನಾಲ್ಕಾಣೆಗೆ ಇಪ್ಪತ್ತೈದು. ನಾಲ್ಕಾಣೆಯ ಸಾಮಾನನ್ನು ಒಂದೊಂದಾಣೆಯಂತೆ ನಾಲ್ಕು ಸಲ ತಂದರೆ ಒಂದು ಪೈಸೆ ಉಳಿಯುತ್ತದೆಂಬ ರಹಸ್ಯವನ್ನು ಶಾಲೆಯ ಹುಡುಗರು ಬೇಗನೆ ಕಂಡುಹಿಡಿದರು. ಅಂಗಡಿಯವರು ಅದಕ್ಕಿಂತ ಬೇಗನೆ. ಮರುವರ್ಷದಿಂದ ಸೇರು ಮಣಗಳ ಬದಲಿಗೆ ಕಿಲೋ ತೂಕ ಹಂತಹಂತವಾಗಿ ಬಂತು. ಅಜ್ಜಿಯರು ಮಾತ್ರ ಬಹುಕಾಲ ಎಲ್ಲವನ್ನೂ ಸೇರು, ಪಾವು, ಆಣೆಗಳಿಗೆ ತಿರುಗಿಸಿಕೊಂಡೇ ನಂಬುತ್ತಿದ್ದರು.

ಹಣ ಬಂದುದರಿಂದ ಹಳೆಯ ಬಾಳು ಕೆಟ್ಟಿತು ಎಂದು ನಾವೆಲ್ಲ ಸಲೀಸಾಗಿ ಹೇಳುತ್ತೇವೆ. ಈ ಮಾತನ್ನು ಪರೀಕ್ಷಿಸಲು ನಮ್ಮ ಸೀಮೆಯದೇ ಆದ ಅಪೂರ್ವ ದಾಖಲೆಯೊಂದು ಇದೆ. ವಿಯೆನ್ನಾ ನಗರದಲ್ಲಿ 1922ರಲ್ಲಿ ಹುಟ್ಟಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ ನಡೆಸಿದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ನಿಜವಾದ ಹೆಸರುಗಳನ್ನು ಮರೆಮಾಡಿ ಒಂದನ್ನು ವಂಗಾಲ ಎಂದೂ ಇನ್ನೊಂದನ್ನು ದಲೇನ ಎಂದೂ ಕರೆದು 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ವಂಗಾಲಕ್ಕೆ ನಾಲೆಯ ನೀರು ಬಂದಿತ್ತು. ದಲೇನದ ನೆಲ ಎತ್ತರದಲ್ಲಿದ್ದುದರಿಂದ ಸುತ್ತಲಿನ ಊರುಗಳಿಗೆಲ್ಲ ನೀರು ಬಂದರೂ ಅದರ ಹೊಲ ಒಣಗಿಯೇ ಉಳಿಯಿತು.

ನೀರು, ಕಬ್ಬು, ಹಣ ಇವೆಲ್ಲ ಬಂದ ಊರಿನಲ್ಲಿ ಹಳೆಯ ರೀತಿನೀತಿಗಳು ಅಳಿದು, ಒಣ ಊರಿನಲ್ಲಿ ಅವು ಉಳಿದಿರಬೇಕೆಂದು ಯಾರಾದರೂ ಊಹಿಸುವರು. ಆಕೆ ಕಂಡದ್ದು ಇದಕ್ಕೆ ತದ್ವಿರುದ್ಧ. ವಂಗಾಲದವರು ಶ್ರೀಮಂತರಾದರೂ ಒಕ್ಕಲುತನದಲ್ಲಿಯೇ ಉಳಿದರು. ಹೊಲಕ್ಕೆ ಆಳು ಮೊದಲಿಗಿಂತ ಹೆಚ್ಚು ಬೇಕಾಯಿತು. ಆದಕಾರಣ ಒಡೆಯನಿಗೂ ತಲೆಮಾರಿನ ಆಳಿಗೂ ಇದ್ದ ಸಂಬಂಧ, ಹಿರಿಯ ಮನೆತನಗಳ ಪಂಚಾಯಿತಿ, ಹಬ್ಬದ ಮರ್ಯಾದೆಗಳ ಕ್ರಮ ಎಲ್ಲ ಬಹುಮಟ್ಟಿಗೆ ಹಾಗೆಯೇ ನಿಂತವು. ದಲೇನದವರಿಗೆ ಆ ಭಾಗ್ಯವಿರಲಿಲ್ಲ. ಅವರು ಊರ ಹೊರಗೆ ಜೀವನ ಹುಡುಕಿದರು. ಕಾರ್ಖಾನೆಯಲ್ಲಿ, ಸರ್ಕಾರದ ಕಚೇರಿಗಳಲ್ಲಿ ಕೆಲಸ ಹಿಡಿದರು. ಗಾಡಿ ಹೊಡೆದು ಬಾಡಿಗೆ ಗಳಿಸಿದರು. ವ್ಯಾಪಾರಕ್ಕೆ, ಗುತ್ತಿಗೆಗೆ ಕೈಹಾಕಿದರು. ನೀರಾವರಿಯಾದ ನೆರೆಯೂರುಗಳಲ್ಲಿ ಗದ್ದೆ ಕೊಂಡರು. ಆ ಊರಿನಲ್ಲಿಯೇ ಹಳೆಯ ಒಡೆಯ-ಆಳುಗಳ ಕಟ್ಟು ಸಡಿಲಿತು, ಹಳೆಯ ಮುಖಂಡರ ಮಾತು ನಡೆಯದಾಯಿತು, ಹೊರಗೆ ದುಡಿದು ಬಂದವನು ಊರಿನಲ್ಲಿ ದೊಡ್ಡವನಾದ.

ಈ ವಿವರವನ್ನು ಮೊದಲ ಸಲ ತಿಳಿದಾಗ ನಮ್ಮ ಕಟ್ಟೆಯ ಮಾತುಗಳ ಬಗೆಗೆ ನನಗೆ ಸಂಶಯ ಹುಟ್ಟಿತು. ನಾಲೆಯ ನೀರು ಹರಿದ ಊರಿನ ನಾವು ‘ಹಳೆಯ ಸಂಪ್ರದಾಯ ಉಳಿಸಿಕೊಂಡೆವು’ ಎಂದು ಹೆಮ್ಮೆಪಡುವುದರಲ್ಲಿ ನಮ್ಮ ಗುಣಕ್ಕಿಂತ ನೀರಿನ ಮಟ್ಟದ ಪಾಲೇ ಹೆಚ್ಚಿರಬಹುದೆ? ಆ ಉಳಿವಿನಲ್ಲಿ ಆಳಿನ ಇಚ್ಛೆ ಎಷ್ಟಿತ್ತು? ನಮ್ಮ ಮನೆಯಲ್ಲಿ ದುಡಿಯುತ್ತಿದ್ದ ಹಿರಿಯನೊಬ್ಬ, ನಾವು ‘ಆಗಿನ ಕಾಲ’ ಎಂದು ಹೊಗಳತೊಡಗಿದಾಗ, ಎದ್ದು ದನಗಳ ಕಡೆ ನಡೆದುಬಿಡುತ್ತಿದ್ದ. ಅವನಿಗೇನೋ ಕೆಲಸವಿದೆ ಎಂದೇ ಅಂದು ನಾನು ತಿಳಿದಿದ್ದೆ.

ಎಪ್‌ಸ್ಟೀನ್ ಅವರು 1970ರಲ್ಲಿ ಪುನಃ ಬಂದಾಗ ವಂಗಾಲದಲ್ಲಿಯೂ ಕಾಲ ತಿರುಗಿತ್ತು. ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ಹಿಗ್ಗಿತ್ತು; ಕೂಲಿ ಹಣಕ್ಕೆ ತಿರುಗಿದಂತೆ ಕೆಟ್ಟ ವರ್ಷದಲ್ಲಿ ಬಡವನನ್ನು ಕಾಯುತ್ತಿದ್ದ ಧಾನ್ಯದ ಆಸರೆಯೂ ಹೋಗತೊಡಗಿತ್ತು. ಇದು ಕಹಿಯಾದ ಸತ್ಯ. ಹಳೆಯ ಕಟ್ಟಿನಿಂದ ಬಿಡುಗಡೆ ಮತ್ತು ಹಳೆಯ ಆಸರೆಯ ನಷ್ಟ ಒಂದೇ ಬಾಗಿಲಿನಿಂದ ಬಂದವು. ವಂಶಪಾರಂಪರ್ಯ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯಿದೆ, 1974ರ ಭೂಸುಧಾರಣೆ, 1976ರ ಜೀತವಿಮುಕ್ತಿ ಕಾಯಿದೆಗಳು ಬಿಡುಗಡೆಯ ಕೆಲಸವನ್ನು ಮಾಡಿದವು. ಆಸರೆಯ ಕೆಲಸವನ್ನು ಮುಂದೆ ನ್ಯಾಯಬೆಲೆ ಅಂಗಡಿಯ ಚೀಟಿ ಅಷ್ಟಿಷ್ಟು ಮಾಡಿತು. ನಾಲ್ಕು ದಶಕಗಳ ಈ ಕಥೆಯನ್ನು ಎಪ್‌ಸ್ಟೀನ್ ಅವರು ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಅವರೊಡಗೂಡಿ 1998ರಲ್ಲಿ ಇನ್ನೊಂದು ಗ್ರಂಥವಾಗಿ ಹೊರತಂದರು. ಅದೇ 1998ರಲ್ಲಿಯೇ ನಮ್ಮೂರಿನ ಹೆಸರನ್ನು ಕನ್ನಡನಾಡಿಗೆಲ್ಲ ಪರಿಚಯಿಸಿದ ಕಥೆಗಾರ, ವೃತ್ತಿಯಿಂದ ವೈದ್ಯರಾಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರು ತೀರಿಕೊಂಡರು. ಅವರ ಒಂದು ಕಥಾಸಂಕಲನದ ಹೆಸರೇ ‘ಕನ್ನಂಬಾಡಿ’. ಈ ಸೀಮೆಯ ಬಡವರ ನೋವನ್ನು ಅವರು ಬಲ್ಲವರಾಗಿದ್ದರು. ಹಳ್ಳಿಯೆಂದರೆ ನೆಮ್ಮದಿಯ ಬೀಡು ಎಂಬ ಭ್ರಮೆಯನ್ನು ಅವರ ಕಥೆಗಳು ಹುಟ್ಟಿಸುವುದಿಲ್ಲ.

ರಾಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಕಬ್ಬಿನ ನಾಡಾದ ಮಂಡ್ಯದ ವಿ. ಸಿ. ಫಾರಂನಲ್ಲಿಯೇ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಸಿದ್ಧಪಡಿಸಿದರು. ಕಾಳಿನ ಇಳುವರಿ ಹಿಂದೆಂದೂ ಕಾಣದಷ್ಟು ಏರಿತು. ಆ ಹೊತ್ತಿಗೆ ನಮ್ಮ ಕಡೆ ಹಗೇವುಗಳು ಮುಚ್ಚತೊಡಗಿದ್ದವು. ಇಡಲು ಜಾಗ ಬೇಕಾದಷ್ಟು ಬೆಳೆದಾಗ ಇಡುವವರೇ ಇರಲಿಲ್ಲ.

ಇತ್ತ ಸಕ್ಕರೆ ಕಾರ್ಖಾನೆಯೂ ನಷ್ಟಕ್ಕೆ ಸಿಲುಕಿ, ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. 2023ರ ಮಾರ್ಚಿಯಲ್ಲಿ ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಮದ್ದೂರಿನ ಪೇಟೆಯನ್ನು ಹೊಕ್ಕು ವಡೆ ತಿಂದು ಕಾಫಿ ಕುಡಿದು ಮುಂದೆ ಹೋಗುತ್ತಿದ್ದ ವಾಹನಗಳು ಈಗ ಪಕ್ಕದಲ್ಲಿಯೇ ಹಾರಿಹೋಗುತ್ತವೆ. ಹಳೆಯ ರಸ್ತೆಯ ಬದಿಯ ಹೋಟೆಲುಗಳವರು ‘ಆಗಿನ ಕಾಲ’ ಎಂದು ಮಾತು ತೆಗೆದರೆ ಅವರ ಲೆಕ್ಕದಲ್ಲಿ ಅದು 2022ನೆಯ ಇಸವಿ.

ನಮ್ಮ ಹಿತ್ತಲಿನ ಹಗೇವಿನ ಬಾಯಿಗೆ ಚಪ್ಪಡಿ ಇನ್ನೂ ಇದೆ. ಅದರ ಮೇಲೆ ತಮ್ಮನ ಮಗ ತನ್ನ ಮೋಟಾರ್ ಸೈಕಲ್ ನಿಲ್ಲಿಸುತ್ತಾನೆ. ದಿನವೂ ಮುಂಜಾನೆ ಅದನ್ನೇರಿ ಮದ್ದೂರಿಗೆ ಹೋಗಿ, ಅಲ್ಲಿಂದ ರೈಲು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾನೆ. ಕಳೆದ ದೀಪಾವಳಿಯಲ್ಲಿ ಚಪ್ಪಡಿಯ ಕೆಳಗೆ ಏನಿದೆಯೆಂದು ಅವನೇ ಕೇಳಿದ. ಹೇಳಿದೆ. ತೆರೆದು ನೋಡೋಣವೆ, ದೊಡ್ಡಪ್ಪ, ಎಂದ. ದೀಪ ಮೊದಲು ಇಳಿಬಿಡಬೇಕು ಎಂದೆ.